ಬಚ್ಚಲಲ್ಲಿ ನೆನೆದ ಎಲೆಗಳು

ಎಲೆಯಕ್ಕನಿಗೆ ಹೇಸಿಗೆ ಅನ್ನುವುದು ಹುಟ್ಟಿನಿಂದಲೇ ಇಲ್ಲ ಎಂದು ಬೀದಿಯವರು ಹೇಳುತ್ತಿದ್ದರು. ಅದು ಪೂರ್ತಿ ನಿಜವಲ್ಲ. ತನ್ನ ಪಾಲಿನ ಹೇಸಿಗೆಯನ್ನೆಲ್ಲ ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಖರ್ಚು ಮಾಡಿ ಮುಗಿಸಿದ್ದಳು. ಅಲ್ಲಿ ಮೂಟೆ ಬಿಚ್ಚಿದರೆ ಏನು ಬೇಕಾದರೂ ಬರುತ್ತಿತ್ತು. ರಕ್ತ ಒಣಗಿ ರಟ್ಟಿನಂತಾದ ಹಾಸು, ವಾಂತಿ ಮೆತ್ತಿದ ದಿಂಬಿನ ಚೀಲ, ಕೀವಿನ ಪಟ್ಟಿ, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲು. ಹೊಸದಾಗಿ ಕೆಲಸಕ್ಕೆ ಬಂದವರು ಬಾಯಿ ಮುಚ್ಚಿಕೊಂಡು ಹೊರಗೆ ಓಡಿದರೆ ಇವಳು ಆ ಹಲ್ಲನ್ನು ತೊಳೆದು, ಕಾಗದದಲ್ಲಿ ಸುತ್ತಿ, "ಪಾಪ, ಯಾರೋ ಊಟ ಮಾಡೋಕೆ ಹುಡುಕ್ತಿರ್ತಾರೆ, ಕೊಟ್ಟು ಬನ್ನಿ" ಎಂದು ವಾರ್ಡಿಗೆ ಕಳಿಸಿದ್ದಳು.

ಆ ಕೋಣೆಗೆ ದೊಡ್ಡ ದೊಡ್ಡ ಯಂತ್ರಗಳು ಬಂದವು. ಎಲೆಯಕ್ಕ ಮನೆಗೆ ಬಂದಳು. ಮನೆ ಎಂದರೆ ಕಟ್ಟಡದ ತುದಿಯ ಎರಡು ಕೋಣೆ, ಮುಂದೆ ತಾರಸಿ, ತಾರಸಿಯ ಮೂಲೆಯಲ್ಲಿ ಹಳೆಯದೊಂದು ಬಚ್ಚಲು. ಆಗಿನ್ನೂ ಅವಳನ್ನು ಯಾರೂ ಎಲೆಯಕ್ಕ ಎನ್ನುತ್ತಿರಲಿಲ್ಲ. ಪಕ್ಕದ ಬೀದಿಯಲ್ಲಿ ಗಾಜಿನ ತೊಟ್ಟಿಗಳಲ್ಲಿ ಸಾಕುವ ಮೀನು ಮಾರುವ ಅಂಗಡಿಯಿತ್ತು. ಅಂಗಡಿಯಾಕೆ ದಪ್ಪನೆಯ ಹೆಂಗಸು, ಯಾವಾಗಲೂ ಒದ್ದೆ ಕೈ, ಮಾತು ಮಾತ್ರ ಬಲು ಒಣ. ಅವಳೇ ಒಂದು ದಿನ ಕೇಳಿದಳು: "ಲೈಬ್ರರಿ ಅಂಗಳದಲ್ಲಿ ಕಾಡುಬಾದಾಮಿ ಮರ ಇದೆಯಲ್ಲ, ಉದುರಿದ ಎಲೆ ತೊಳೆದು ಒಣಗಿಸಿ ತಂದುಕೊಡ್ತೀಯಾ? ಸುಮ್ನೆ ಕೂತ್ಕೊಳ್ಳೋಕೆ ನಿನ್ ಕೈಲಿ ಆಗಲ್ಲ ಅಂತ ನನಗೆ ಗೊತ್ತು."

ಎಲೆ ಯಾಕೆಂದು ಆಮೇಲೆ ತಿಳಿಯಿತು. ಕಾಡಿನ ತೊರೆಗಳಿಂದ ಬಂದ ತಳಿಯ ಮೀನುಗಳಿಗೆ ನಲ್ಲಿಯ ನೀರು ತೀರಾ ಬೋಳು. ಅಡಗಲು ನೆರಳಿಲ್ಲ, ಬಣ್ಣವಿಲ್ಲ. ಒಣಗಿದ ಬಾದಾಮಿ ಎಲೆಯೊಂದನ್ನು ತೊಟ್ಟಿಗೆ ಬಿಟ್ಟರೆ ಅದು ಕೆಲವು ದಿನ ತೇಲುತ್ತದೆ, ಆಮೇಲೆ ಮುಳುಗುತ್ತದೆ, ಮೆಲ್ಲಗೆ ಒಗರು ಬಿಡುತ್ತದೆ. ನೀರು ತೆಳು ಚಹಾದ ಬಣ್ಣಕ್ಕೆ ತಿರುಗುತ್ತದೆ. ಮೂಲೆ ಹಿಡಿದು ನಡುಗುತ್ತಿದ್ದ ಮೀನು ಎಲೆಯಡಿಯಿಂದ ಹೊರಗೆ ಬಂದು, ಮನೆ ಯಜಮಾನನ ಹಾಗೆ ಒಂದು ಸುತ್ತು ಹೊಡೆಯುತ್ತದೆ. ನೋಡಿದವರು ಮೂಗು ಮುರಿಯುತ್ತಿದ್ದರು. ಅಂಗಡಿಯ ಪಕ್ಕದ ಟೈಲರ್ ಅಂತೂ ದಿನಾ ಕೇಳುತ್ತಿದ್ದ: "ಏನ್ರೀ, ಮೀನು ಸಾಕಿದೀರೋ ಚರಂಡಿ ಸಾಕಿದೀರೋ?" ನೆನೆದ ಎಲೆಯ ಮೇಲೆ ಬಿಳಿ ಲೋಳೆ ಬರುತ್ತದೆ. ಅದನ್ನು ಕಂಡು ಎಷ್ಟೋ ಜನ ಎಲೆ ವಾಪಸು ತರುತ್ತಿದ್ದರು. ಎಲೆಯಕ್ಕ ಆ ಲೋಳೆಯನ್ನು ಬೆರಳಿನಿಂದ ಒರೆಸಿ ತೋರಿಸುತ್ತಿದ್ದಳು. "ಇದು ಕೊಳೆ ಅಲ್ಲ, ಸಣ್ಣ ಸೀಗಡಿಗಳಿಗೆ ಊಟ. ನಾನು ಕೊಳೆ ನೋಡಿರೋಳು, ನನಗೆ ಗೊತ್ತಾಗಲ್ವಾ?"

ಅವಳ ಕೆಲಸದಲ್ಲಿ ಆಸ್ಪತ್ರೆಯ ಶಿಸ್ತು ಹಾಗೇ ಉಳಿದಿತ್ತು. ಮರದಲ್ಲೇ ಕೆಂಪಾಗಿ ತಾನಾಗಿ ಬಿದ್ದ ಎಲೆಯನ್ನು ಮಾತ್ರ ಆರಿಸುತ್ತಿದ್ದಳು. ಹಕ್ಕಿ ಹಿಕ್ಕೆ ಬಿದ್ದದ್ದು, ಹುಳು ತಿಂದದ್ದು, ರಸ್ತೆಯ ಕಡೆಗೆ ಹಾರಿದ್ದು ಬೇಡ. ಮೆತ್ತನೆಯ ಬ್ರಷ್ಷಿನಿಂದ ಎರಡೂ ಮಗ್ಗುಲು ಉಜ್ಜಿ, ನೀರು ಬದಲಾಯಿಸಿ ಜಾಲಿಸಿ, ಎಲೆಯ ತೊಟ್ಟುಗಳಿಗೆ ದಾರ ಕಟ್ಟಿ ತಾರಸಿಯ ನೆರಳಿನಲ್ಲಿ ನೇತುಹಾಕುತ್ತಿದ್ದಳು. ಗಾಳಿ ಬಂದರೆ ಅಷ್ಟೂ ಎಲೆ ಒಟ್ಟಿಗೆ ಪಿಸುಗುಟ್ಟುತ್ತಿದ್ದವು. ಹಾಗೆ ಅವಳಿಗೆ ಆ ಹೆಸರು ಬಂತು. ಹೆಸರಿಗೆ ತಕ್ಕ ಹಾಗೆ ಅವಳ ಎಲೆಗೂ ಹೆಸರು ಬಂತು.

ಒಂದು ಬೆಳಗ್ಗೆ ತೊಳೆದ ಎಲೆಯೊಂದರ ಮೇಲೇ ಕಾಲಿಟ್ಟು ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಕೈಗೆ ಗಟ್ಟಿ ಪಟ್ಟಿ ಹಾಕಿದ ಡಾಕ್ಟರು, ನೀರು ಮುಟ್ಟಬೇಡ, ಭಾರ ಎತ್ತಬೇಡ ಎಂದರು. ಸುದ್ದಿ ಕೇಳಿ ಅವಳ ತಮ್ಮ ಬಂದ.

ತಮ್ಮನನ್ನು ಚಿಕ್ಕಂದಿನಿಂದ ಎಲ್ಲರೂ ಸರದಾರ ಎಂದೇ ಕರೆಯುತ್ತಿದ್ದರು. ಮಲಗಿದ ಕಡೆಯಿಂದಲೇ ಹುಕುಂ ಕೊಡುವ ಹುಡುಗನಾಗಿದ್ದ. ತಾಯಿ ಹೋದ ಮೇಲೆ ಅವನ ಮೂಗು ಒರೆಸಿ, ತಲೆ ಬಾಚಿ, ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ತಿರುಗಿದವಳು ಅಕ್ಕನೇ. ಈಗ ನಡುವಯಸ್ಸು ದಾಟಿದ್ದ. ಫೋನಿನ ಕವಚ ಮಾರುವ ಅಂಗಡಿ ಹಾಕಿ ಮುಚ್ಚಿದ್ದ. ಅದಕ್ಕೆ ಮುಂಚೆ ಮಾಡಿದ್ದೂ ಇಂಥದ್ದೇ. ಆದರೆ ನಗು ಮಾತ್ರ ಹಾಗೇ ಇತ್ತು, ಎದುರಿಗಿದ್ದವರ ಸಿಟ್ಟನ್ನು ಕರಗಿಸುವ ನಗು.

"ನೀನು ಎಲೆಗಳಿಗೆ ಸ್ನಾನ ಮಾಡ್ಸೋ ಹಂಗೆ ಆಗ ನನಗೂ ಮಾಡ್ಸಿದ್ರೆ ನಾನು ಎಲ್ಲೋ ಇರ್ತಿದ್ದೆ ಅಕ್ಕಾ" ಎಂದು ಬಂದ ದಿನವೇ ನಗಿಸಿದ. "ಕಾಲು ಚಾಚ್ಕೊಂಡು ಕೂತ್ಕೋ. ಇನ್ಮೇಲೆ ಎಲ್ಲಾ ನಂದು."

ಅವನು ನಿಜಕ್ಕೂ ಕೆಲಸ ಮಾಡಿದ. ಅಕ್ಕನಿಗೆ ಆಶ್ಚರ್ಯವಾಯಿತು, ಸಂತೋಷವೂ ಆಯಿತು. ಬೆಳಗ್ಗೆ ಹೋಗಿ ಮೂಟೆ ಹೊತ್ತು ತರುತ್ತಿದ್ದ. ಒಳಗೆ ಕೂತವಳಿಗೆ ಬಚ್ಚಲಿನಲ್ಲಿ ನೀರು ಬಿಡುವ ಸದ್ದು ಕೇಳುತ್ತಿತ್ತು. ಕಟ್ಟುಗಳು ಅಂಗಡಿಗೆ ಹೋಗುತ್ತಿದ್ದವು, ಮತ್ತೆ ಬೇಕೆಂದು ಕರೆ ಬರುತ್ತಿತ್ತು. ಒಂದು ಮರ ಇಷ್ಟೊಂದು ಎಲೆ ಉದುರಿಸುತ್ತದೆಯೇ ಎಂಬ ಅನುಮಾನ ಒಮ್ಮೆ ಬಂದದ್ದುಂಟು. ಕೇಳಿದರೆ ಅವನು, "ಅಲ್ಲಿ ಇಲ್ಲಿ ಮರ ಇಲ್ವಾ ಅಕ್ಕಾ? ಊರೆಲ್ಲಾ ಮರ" ಎಂದ. ತಾರಸಿಯ ಬಚ್ಚಲಿಗೆ ಬೀಗ ಹಾಕಿದ್ದೇಕೆ ಎಂದರೆ, "ಬೆಕ್ಕು ನುಗ್ಗುತ್ತೆ" ಎಂದ. ಅವಳು ನಂಬಿದಳು. ತಮ್ಮ ದುಡಿಯುತ್ತಿದ್ದಾನೆ ಎನ್ನುವ ಖುಷಿಯ ಮುಂದೆ ಬೆಕ್ಕು ಯಾವ ಲೆಕ್ಕ?

ಒಂದು ಸಂಜೆ ಮೆಟ್ಟಿಲಿನಲ್ಲಿ ಏದುಸಿರು ಕೇಳಿಸಿತು. ಡ್ರೈವರಜ್ಜ ಬಂದಿದ್ದ. ರೈಲು ಎಂಜಿನ್ ಓಡಿಸಿ ನಿವೃತ್ತನಾದವನು. ಫೈಟರ್ ಎನ್ನುವ ಉದ್ದ ರೆಕ್ಕೆಯ ಕಾಳಗದ ಮೀನುಗಳನ್ನು ಮರಿ ಮಾಡಿಸುವುದೇ ಈಗ ಅವನ ಕೆಲಸ. ಮೊದಲಿನಿಂದಲೂ ಎಲೆಯಕ್ಕನ ಎಲೆ ಬಿಟ್ಟು ಬೇರೆ ಮುಟ್ಟಿದವನಲ್ಲ. ಕೂರು ಎಂದರೂ ಕೂರಲಿಲ್ಲ. ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ಅವಳ ಮುಖದ ಹತ್ತಿರ ಹಿಡಿದ.

"ಮೂಸು."

"ಏನಜ್ಜ ಇದು?"

"ನಿನ್ನ ಎಲೆ. ಮೂಸು ಅಂದೆ."

ಅವಳು ಚೀಲದ ಬಾಯಿ ಬಿಡಿಸಿದಳು. ಒಗರು ವಾಸನೆ ಇರಲಿಲ್ಲ. ಬಾಗಿಲಿಗೆ ಬಳಿಯುವ ಬಣ್ಣದ ಘಾಟು, ಅದರ ಕೆಳಗೆ ಮೂತ್ರದ್ದು, ಅದಕ್ಕೂ ಕೆಳಗೆ ಸುಟ್ಟ ಎಣ್ಣೆಯದು ಮೂಗಿಗೆ ಹೊಡೆಯಿತು. ತಲೆ ಹಿಂದಕ್ಕೆ ಎಳೆದುಕೊಂಡಳು.

"ಗಂಡು ಗೂಡು ಕಟ್ಟಿತ್ತು" ಎಂದ ಅಜ್ಜ. ಅವನ ದನಿ ಏರಲಿಲ್ಲ. "ಎಲೆ ಕೆಳಗೆ ನೊರೆ ಗೂಡು. ಮರಿ ಆಗಿತ್ತು, ನೊರೆಗೆ ಜೋತುಬಿದ್ದಿದ್ವು. ಕೆಳಗೆ ಬಿದ್ದ ಮರೀನ ಅದು ಬಾಯಲ್ಲಿ ಹಿಡ್ಕೊಂಡು ಹೋಗಿ ಗೂಡಿಗೆ ಸೇರಿಸ್ತಿತ್ತು. ಹಳೇ ಎಲೆ ಕರಗಿತು ಅಂತ ಹೊಸದು ಹಾಕಿದೆ. ಬೆಳಗ್ಗೆ ನೋಡಿದ್ರೆ ನೀರು ಕಾಫಿ ಆಗಿದೆ, ಮೇಲೆ ಎಣ್ಣೆ ಪದರ. ಅಪ್ಪ ಮೀನು ಬಾಯಿ ತೆರ್ಕೊಂಡು ಮಗುಚಿ ಬಿದ್ದಿದೆ. ಬಾಯೊಳಗೆ ಮರಿಗಳು ಇನ್ನೂ ಇದ್ವು."

ಎಲೆಯಕ್ಕ ಚೀಲದ ಬಾಯಿ ಮಡಚಿ ಹಿಡಿದಳು.

"ನೀನೂ ಹಿಂಗೆ ಮಾಡ್ತೀಯಾ ಅಂತ ನಾನು ಅಂದ್ಕೊಂಡಿರಲಿಲ್ಲ" ಎಂದು ಹೇಳಿ ಅಜ್ಜ ಗೋಡೆ ಹಿಡಿದು ಮೆಟ್ಟಿಲಿಳಿದ.

ತಮ್ಮ ಮನೆಯಲ್ಲಿರಲಿಲ್ಲ. ಎಲೆಯಕ್ಕ ಎಡಗೈಯಲ್ಲಿ ಲಟ್ಟಣಿಗೆ ಹಿಡಿದು ತಾರಸಿಗೆ ಹೋಗಿ ಬಚ್ಚಲಿನ ಬೀಗಕ್ಕೆ ಹೊಡೆದಳು. ಚಿಲಕವೇ ಕಿತ್ತು ಬಂತು.

ಮೊದಲು ನೊಣಗಳು ಎದ್ದವು. ಮೂಲೆಯಲ್ಲಿ ಎಲೆಯ ರಾಶಿ ಬಿದ್ದಿತ್ತು, ತೊಳೆಯದ್ದು. ಬಾದಾಮಿ ಎಲೆ ಮೇಲೆ ಮೇಲೆ ಇದ್ದವು ಅಷ್ಟೇ. ಕೆಳಗೆಲ್ಲ ಯಾವ ಯಾವುದೋ ಮರದ್ದು, ಅಗಲವಾಗಿದ್ದರೆ ಸಾಕು ಎಂದು ತುಂಬಿದ್ದು. ಕಾಲಿನಿಂದ ಸರಿಸಿದಳು. ಸಿಗರೇಟಿನ ತುಂಡುಗಳು, ಜಗಿದು ಉಗಿದ ಗಮ್ಮು ಅಂಟಿದ ಎಲೆ, ಸತ್ತ ಹಲ್ಲಿ, ಮಗುವಿನದೊಂದು ಮಡಚಿದ ಡಯಾಪರ್. ಎಲ್ಲಿಂದ ತಂದದ್ದೆಂದು ಅವಳಿಗೆ ಹೊಳೆಯಿತು: ಬಸ್ಸು ರಿಪೇರಿ ಮಾಡುವ ಶೆಡ್ಡಿನ ಹಿಂಗೋಡೆಯ ಉದ್ದಕ್ಕೂ ಅಂಥ ಅಗಲ ಎಲೆಯ ಮರಗಳಿದ್ದವು. ಆ ಗೋಡೆಗೆ ಗಂಡಸರು ಏನು ಮಾಡುತ್ತಾರೆಂದು ಊರಿಗೇ ಗೊತ್ತು. ಪಕ್ಕದಲ್ಲಿ ಮೇಜು ಕುರ್ಚಿಗೆ ಬಳಿಯುವ ಕಂದು ಬಣ್ಣದ ಡಬ್ಬಿಗಳಿದ್ದವು. ಟಬ್ಬಿನಲ್ಲಿ ಕಪ್ಪು ಕಂದು ನೀರು, ಅದರಲ್ಲಿ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡ ಎಲೆಗಳು. ಎಲೆಗಳನ್ನು ಅದ್ದಿ ತೆಗೆಯಲು ಇಟ್ಟಿದ್ದ ಬಕೆಟ್ಟು ಅವಳದೇ, ಮನೆಯೊಳಗೆ ದಿನಾ ಸ್ನಾನಕ್ಕೆ ಬಳಸುವ ನೀಲಿ ಬಕೆಟ್ಟು. ಅದರ ಒಳಗೋಡೆಗೆ ಸುತ್ತಲೂ ಕಂದು ಗೆರೆ ಹತ್ತಿತ್ತು.

ಆ ಗೆರೆಯನ್ನು ಅವಳು ಮುಂಚೆಯೇ ನೋಡಿದ್ದಳು. ಪೈಪಿನ ತುಕ್ಕು ಎಂದುಕೊಂಡಿದ್ದಳು. ಸ್ನಾನವಾದ ಮೇಲೆ ಮೈಮೇಲೆ ಏನೋ ಜಿಡ್ಡು ಉಳಿದ ಹಾಗೆ ಅನ್ನಿಸುತ್ತಿತ್ತು. ಔಷಧದ ದೆಸೆಯಿಂದ ಎಂದುಕೊಂಡಿದ್ದಳು. ಅದೇ ಬಕೆಟ್ಟಿನ ನೀರಿನಿಂದ ಬಾಯಿ ಮುಕ್ಕಳಿಸಿದ್ದೂ ನೆನಪಾಯಿತು.

ರೋಗಿಗಳ ಮಲ ಮೂತ್ರದ ಮೂಟೆ ಬಿಚ್ಚಿ ಕೈ ತೊಳೆದು ಬಂದು ಊಟಕ್ಕೆ ಕೂರುತ್ತಿದ್ದವಳು ತಾರಸಿಯ ಗೋಡೆಗೆ ಒರಗಿ ಕಕ್ಕಿದಳು. ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ವಾಕರಿಕೆ ನಿಲ್ಲಲಿಲ್ಲ.

ಸರದಾರ ಮೂಟೆ ಹೊತ್ತು ಬಂದಾಗ ಅವಳು ಅಲ್ಲೇ ಕೂತಿದ್ದಳು. ಕಿತ್ತ ಚಿಲಕವನ್ನು ನೋಡಿದ. ಮೂಟೆ ಇಳಿಸಿದ. ನಕ್ಕ.

"ಹೇಳೋಣ ಅಂತಾನೇ ಇದ್ದೆ" ಎಂದ.

"ಏನನ್ನ?"

"ಬಣ್ಣದ ಐಡಿಯಾ. ಜನಕ್ಕೆ ನೀರು ಬೇಗ ಕಂದಾಗಬೇಕು ಅಕ್ಕಾ. ನಿನ್ನೆಲೆ ಹಾಕಿದ್ರೆ ವಾರ ಕಾಯ್ಬೇಕು. ನನ್ನೆಲೆ ಹಾಕಿದ ತಕ್ಷಣ ಕಂದು. ಅಂಗಡಿಯಾಕೆ ಎಷ್ಟು ಖುಷಿಯಾಗಿದ್ದಾಳೆ ಗೊತ್ತಾ?"

"ಮೀನು ಸಾಯ್ತಿವೆ ಕಣೋ."

"ಮೀನು ಸಾಯೋದು ಹೊಸದಾ? ಸತ್ರೆ ಇನ್ನೊಂದು ತಗೊಳ್ತಾರೆ. ಅಂಗಡಿಗೂ ಒಳ್ಳೇದೇ." ಅವನು ಅವಳ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತ. ಅವನ ಉಗುರುಗಳ ಸಂದಿಯಲ್ಲೆಲ್ಲ ಕಂದು ಬಣ್ಣ. "ನೀನು ಮಾರೋದೂ ಕೊಳೆಯೋ ಎಲೆ ತಾನೆ? ಕೊಳೆತಿದ್ದಕ್ಕೆ ಇಷ್ಟು ಮಡಿ ಯಾಕೆ? ಮೀನೇನು ಬಾಯ್ಬಿಟ್ಟು ಹೇಳುತ್ತಾ?"

"ನನ್ನ ಬಕೆಟ್ಟಲ್ಲಿ ಅದ್ದಿದೀಯ. ನಾನು ಅದರಲ್ಲಿ ಸ್ನಾನ ಮಾಡ್ತೀನಿ."

"ತೊಳೆದಿಡ್ತಿದ್ದೆ ಅಕ್ಕಾ, ದೇವರಾಣೆ" ಎಂದ. ಅಷ್ಟಕ್ಕೇ ಬಿಡದೆ, ನಗುತ್ತಾ, "ಒಂದೆರಡು ಸಲ ಮರೆತಿರಬಹುದು. ನೀನೇನು ಸತ್ತೆಯಾ? ಮೈ ಬಣ್ಣ ಹೊಳೀತಿದೆ ನೋಡು" ಎಂದು ಅವಳ ಕೆನ್ನೆ ಮುಟ್ಟಲು ಬಂದ.

ಅವಳು ಕೈಯನ್ನು ತಳ್ಳಿದಳು. ಆ ಕೈಯನ್ನು ಹಿಡಿದುಕೊಂಡು ಅವನಿಗೆ ನಡೆಯಲು ಕಲಿಸಿದ್ದಳು. ಈಗ ಅದು ಮೈಗೆ ತಗುಲಿದ್ದೇ ತಡ, ಚರ್ಮದ ಮೇಲೆ ಏನೋ ಹರಿದಾಡಿದಂತಾಯಿತು. ಟಬ್ಬು ನೋಡಿದಾಗ ಬಂದದ್ದಕ್ಕಿಂತ ಇದು ಬೇರೆ ಬಗೆಯ ಅಸಹ್ಯ, ಸಾಬೂನಿನಿಂದ ತೊಳೆದರೂ ಹೋಗದ್ದು. ಅವಳಿಗೆ ಹೆದರಿಕೆಯಾಯಿತು.

"ಬೆಳಗ್ಗೆ ಹೊರಟುಬಿಡು" ಎಂದಳು.

"ಸಿಟ್ಟಿನಲ್ಲಿದೀಯ. ನಾಳೆ ಮಾತಾಡೋಣ" ಎಂದು ಅವನು ಒಳಗೆ ಹೋಗಿ ಫ್ಯಾನು ಹಾಕಿ ಮಲಗಿಕೊಂಡ. ಸ್ವಲ್ಪ ಹೊತ್ತಿಗೆಲ್ಲ ಗೊರಕೆ ಕೇಳಿಸಿತು.

ಮಾರನೆಯ ದಿನ ಎಲೆಯಕ್ಕ ಅಂಗಡಿಗೆ ಹೋದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು: ತಪ್ಪಾಗಿದೆ, ನನ್ನ ಮನೆಯಿಂದಲೇ ಆಗಿದೆ, ಎಲೆಯೆಲ್ಲ ವಾಪಸು ಕೊಡಿ, ಕೊಂಡವರಿಗೆಲ್ಲ ಹೇಳಿ. ಅಂಗಡಿಯಾಕೆ ಬಲೆಯಿಂದ ತೊಟ್ಟಿ ಜಾಲಾಡುತ್ತಲೇ ಕೇಳಿಸಿಕೊಂಡಳು. ಬಲೆಗೆ ಬಂದ ಸತ್ತ ಮೀನೊಂದನ್ನು ನೋಡದೆಯೇ ಕಾಲ ಬುಡದ ಡಬ್ಬಿಗೆ ಕೊಡವಿದಳು.

"ಗೊತ್ತು" ಎಂದಳು.

"ಏನು ಗೊತ್ತು?"

"ಬಣ್ಣ ಅಂತ. ಕೈಗೆ ಹತ್ತುತ್ತಲ್ಲ, ನನಗೇನು ಕಣ್ಣಿಲ್ವಾ? ನನ್ನ ತೊಟ್ಟಿಗಳಿಗೆ ನಾನು ಹಾಕೇ ಇಲ್ಲ. ಇಲ್ನೋಡು, ಇವೆಲ್ಲಾ ನಿನ್ನ ಹಳೇ ಎಲೆ. ಬೇರೆ ಎತ್ತಿಟ್ಟಿದೀನಿ."

ಎಲೆಯಕ್ಕ ತೊಟ್ಟಿಗಳ ಕಡೆ ನೋಡಿದಳು. "ಮತ್ತೆ ಜನಕ್ಕೆ ಕೊಟ್ರಲ್ಲ?"

"ಕೇಳಿದ್ರು, ಕೊಟ್ಟೆ. ಎಲೆಯಕ್ಕನ ಎಲೆ ಅಂದ್ರೆ ಕಣ್ಮುಚ್ಚಿ ತಗೊಳ್ತಾರೆ." ಅಂಗಡಿಯಾಕೆ ಕೈ ಒರೆಸಿಕೊಂಡು ದನಿ ತಗ್ಗಿಸಿದಳು. "ಗಲಾಟೆ ಮಾಡ್ಬೇಡ. ಕೈ ವಾಸಿ ಆಗ್ಲಿ, ಮೊದಲಿನ ಥರ ಮಾಡ್ಕೊಡು. ಇದು ಯಾರಿಗೂ ನೆನಪಿರಲ್ಲ. ಡ್ರೈವರಜ್ಜನಿಗೆ ಒಂದು ಮೀನು ಸುಮ್ನೆ ಕೊಟ್ಟುಬಿಡೋಣ."

ಅಂಗಡಿ ತುಂಬ ನೀರು ಗುಳುಗುಳು ಎನ್ನುತ್ತಿತ್ತು. ತನ್ನ ಎಲೆಗಳಡಿ ಮೀನುಗಳು ಹಾಯಾಗಿ ತೇಲುತ್ತಿದ್ದವು. ಕಾಲ ಬುಡದ ಡಬ್ಬಿಯಿಂದ ಎದ್ದ ವಾಸನೆ ಎಲೆಯಕ್ಕನ ಗಂಟಲಿಗೆ ಬಂದು ಕೂತಿತು. ಥೂ ಎಂದು ಉಗಿಯಬೇಕೆನಿಸಿತು, ಉಗಿಯಲಿಲ್ಲ. ಮಾರಲು ಇಟ್ಟಿದ್ದ ಬಣ್ಣದ ಕಟ್ಟುಗಳನ್ನು ಎಡಗೈಯಿಂದ ಬಾಚಿ ಎದೆಗೆ ಅವಚಿಕೊಂಡಳು. ಅಂಗಡಿಯಾಕೆ "ಏಯ್" ಎನ್ನುವಷ್ಟರಲ್ಲಿ ಹೊರಗೆ ಬಂದಿದ್ದಳು. ಹೊರಗೆ ಬಂದು ಬಾಗಿಲಲ್ಲೇ ನಿಂತಳು. ಟೈಲರ್ ಕತ್ತರಿ ನಿಲ್ಲಿಸಿ ನೋಡಿದ. ದಾರಿಯಲ್ಲಿ ಹೋಗುತ್ತಿದ್ದವರೂ ನಿಂತರು.

"ನನ್ನ ಹೆಸರಲ್ಲಿ ತಗೊಂಡ ಎಲೆ ಯಾರ ಮನೇಲಿದ್ರೂ ತೆಗೆದು ಬಿಸಾಕಿ" ಎಂದು ಕೂಗಿದಳು. "ಅದರಲ್ಲಿ ವಿಷ ಇದೆ. ನನ್ನ ಮನೇಲೇ ತಯಾರಾಗಿದ್ದು. ಈ ಅಂಗಡಿಯೋರು ಗೊತ್ತಿದ್ದೂ ಮಾರಿದಾರೆ."

ಆ ಇಡೀ ದಿನ ಗೊತ್ತಿದ್ದ ಮನೆಗಳಿಗೆಲ್ಲ ಹೋದಳು. ಕೆಲವರು ಬಾಗಿಲ ಸಂದಿಯಿಂದಲೇ ಬೈದರು. ಹಲ್ಲಿನ ಡಾಕ್ಟರ ಕೋಣೆಯಲ್ಲಿ ಕಾಯುವವರ ಮುಂದೆ ದೊಡ್ಡ ತೊಟ್ಟಿಯೊಂದಿತ್ತು. ಬೆಳಗ್ಗೆಯಷ್ಟೇ ಅದಕ್ಕೆ ಎಲೆ ಹಾಕಿದ್ದರು. ಪಟ್ಟಿ ಕಟ್ಟಿದ ಬಲಗೈಯನ್ನು ಎತ್ತಿ ಹಿಡಿದು ಎಡಗೈಯನ್ನು ಭುಜದ ತನಕ ಇಳಿಸಿದಳು. ಕೆಳಗೆ ಲೋಳೆ ಲೋಳೆಯಾಗಿ ಬೆರಳಿಗೆ ಸುತ್ತಿಕೊಂಡದ್ದನ್ನು ಹಿಡಿದೆಳೆದಳು. ಕಾಯುತ್ತಿದ್ದ ಹೆಂಗಸೊಬ್ಬಳು ಮುಖ ತಿರುಗಿಸಿ "ಅಯ್ಯೋ, ಅಸಹ್ಯ" ಎಂದಳು. ಎಲೆಯಕ್ಕ ಮೊಣಕೈಯಿಂದ ತೊಟ್ಟಿಕ್ಕುತ್ತಿದ್ದ ಕಂದು ನೀರನ್ನು ನೋಡಿಕೊಂಡಳು. "ಹೌದಮ್ಮಾ" ಎಂದಳು. ಆ ತೊಟ್ಟಿಯ ಮೀನುಗಳು ಉಳಿದವು. ಬೇರೆ ಮನೆಗಳ ಮೀನುಗಳ ಗತಿಯನ್ನು ಅವಳು ಕೇಳಲಿಲ್ಲ.

ಡ್ರೈವರಜ್ಜ ಬಾಗಿಲು ಅರ್ಧ ತೆರೆದ. ನಡೆದದ್ದನ್ನೆಲ್ಲ ಹೊಸ್ತಿಲ ಆಚೆಯಿಂದಲೇ ಹೇಳಿದಳು. "ನಾನು ಮಾಡಿದ್ದಲ್ಲ" ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದಳು. ಅಜ್ಜ ಕೇಳಿಸಿಕೊಂಡ. "ಸರಿ, ಹೋಗು" ಎಂದು ಬಾಗಿಲು ಹಾಕಿದ.

ಮನೆಗೆ ಬಂದರೆ ಸರದಾರ ಬಟ್ಟೆ ಮಡಚುತ್ತಿದ್ದ. ಅಂಗಡಿಯಾಕೆ ಫೋನು ಮಾಡಿದ್ದಳಂತೆ. ಸಿಟ್ಟು ಎಲೆಯಕ್ಕನ ಮೇಲೆ ಮಾತ್ರ. ಸರದಾರನಿಗೆ ಅಂಗಡಿಯಲ್ಲೇ ಕೆಲಸ, ಹಿಂದಿನ ಕೋಣೆಯಲ್ಲಿ ಮಲಗುವ ಜಾಗ. "ನೋಡು, ಬೀದೀಲಿ ನಿಂತು ಮಾನ ಕಳೆದೆ. ಆದ್ರೂ ನನಗೆ ಒಳ್ಳೇದೇ ಆಯ್ತು. ನಿನ್ನ ಮೇಲೆ ನನಗೇನೂ ಬೇಜಾರಿಲ್ಲ" ಎಂದ. ನಿಜಕ್ಕೂ ಅವನ ಮುಖದಲ್ಲಿ ಬೇಜಾರಿನ ಸುಳಿವಿರಲಿಲ್ಲ. ಅದೇ ಅವಳಿಗೆ ತಡೆಯಲಾಗದ್ದು.

ಬಚ್ಚಲು ತೊಳೆಯಲು ಬಹಳ ದಿನ ಹಿಡಿಯಿತು. ಒಂದೇ ಕೈ, ಮೇಲಾಗಿ ವಾಕರಿಕೆ ಬಂದು ಆಗಾಗ ಹೊರಗೆ ಓಡಬೇಕಾಗುತ್ತಿತ್ತು. ರಾಶಿಯನ್ನು ಕಸದ ಗಾಡಿಯವರು ಹಿಡಿಶಾಪ ಹಾಕುತ್ತಾ ಒಯ್ದರು. ಬಕೆಟ್ಟು ಎಸೆದಳು. ನೆಲದ ಬಣ್ಣ ಮಾತ್ರ ಹೋಗಲಿಲ್ಲ, ಉಜ್ಜಿದಷ್ಟೂ ಹರಡಿತು. ಕೊನೆಗೆ ಗಾರೆ ಕೆಲಸದವನನ್ನು ಕರೆಸಿ ಕಲ್ಲು ಕೀಳಿಸಿ ಹೊಸದು ಹಾಕಿಸಿದಳು. ಆಮೇಲೂ ಬಹಳ ಕಾಲ ಅವಳಿಗೆ ಚಹಾ ಸೇರಲಿಲ್ಲ. ಲೋಟದೊಳಗಿನ ಬಣ್ಣ ನೋಡಿ ಚೆಲ್ಲಿಬಿಡುತ್ತಿದ್ದಳು.

ಕೈ ವಾಸಿಯಾದ ಮೇಲೆ ಮತ್ತೆ ಲೈಬ್ರರಿ ಅಂಗಳಕ್ಕೆ ಹೋದಳು. ಕೊಳ್ಳುವವರು ಇರಲಿಲ್ಲ. ಸುಮ್ಮನೆ ತೊಳೆದು, ಸುಮ್ಮನೆ ನೇತುಹಾಕಿದಳು. ಡ್ರೈವರಜ್ಜ ಬಂದದ್ದು ಮರಗಳು ಇನ್ನೊಮ್ಮೆ ಕೆಂಪಾದಾಗ. ತಾರಸಿಯ ಕಟ್ಟೆಯ ಮೇಲೆ ಕೂತು ಅವಳು ಎಲೆ ಉಜ್ಜುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ. ಒಣಗಿದ್ದರಲ್ಲಿ ಒಂದನ್ನು ಆರಿಸಿ, ತಾನೇ ತಂದಿದ್ದ ಗಾಜಿನ ಜಾಡಿಯ ನೀರಿಗೆ ಬಿಟ್ಟ.

"ವಾರ ನೋಡ್ತೀನಿ. ಆಮೇಲೆ ಮೀನು ಬಿಡ್ತೀನಿ. ಪ್ರತಿ ಸಲಾನೂ ಹಿಂಗೇ."

"ನೋಡು ಅಜ್ಜ" ಎಂದಳು. ಅವಳಿಗೆ ಅವಮಾನವೆನಿಸಲಿಲ್ಲ. ತಾನಾಗಿದ್ದರೂ ಹಾಗೇ ಮಾಡುತ್ತಿದ್ದಳು.

ಸರದಾರ ಅಂಗಡಿಯಲ್ಲಿ ನೆಲೆ ನಿಂತ. ಅಲ್ಲೀಗ ಎಲೆಯ ಬದಲು ಬಾಟಲಿಯಲ್ಲಿ ಕಂದು ನೀರು ಮಾರುತ್ತಾರಂತೆ, ಎರಡು ಹನಿ ಹಾಕಿದರೆ ಸಾಕಂತೆ. ಅದರಲ್ಲಿ ಏನಿದೆ ಎಂದು ಎಲೆಯಕ್ಕ ಕೇಳಲಿಲ್ಲ. ಒಂದು ಮಧ್ಯಾಹ್ನ ಅವನು ಹೊಸ ಅಂಗಿ ತೊಟ್ಟು, ಏನೂ ನಡೆದೇ ಇಲ್ಲವೆಂಬಂತೆ ಮೆಟ್ಟಿಲೇರಿ ಬಂದ.

"ಹಸಿವಾಗ್ತಿದೆ ಅಕ್ಕಾ. ಊಟ ಇದೆಯಾ?"

ಒಡಹುಟ್ಟಿದವನು. ಬಡಿಸಿದಳು. ಅವನು ಚಪ್ಪರಿಸಿಕೊಂಡು ಉಂಡ, ಇನ್ನಷ್ಟು ಹಾಕಿಸಿಕೊಂಡ. ಬೆರಳುಗಳು ಈಗ ಸ್ವಚ್ಛವಾಗಿದ್ದವು, ಉಗುರು ನೀಟಾಗಿ ಕತ್ತರಿಸಿಕೊಂಡಿದ್ದ. ಆದರೂ ಅವಳು ಆ ಕೈಯನ್ನು ನೋಡಲಾರದೆ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಅವನು ನೆಕ್ಕುವ ಸದ್ದು ಕೇಳುತ್ತಿತ್ತು.

"ಇನ್ನೂ ಸಿಟ್ಟಾ?" ಎಂದ ಬಾಯಿ ತುಂಬಿಕೊಂಡು.

"ಸಿಟ್ಟಲ್ಲ ಕಣೋ."

"ಮತ್ತೇನು?"

ಮೂಗು ಒರೆಸಿ, ಹೆಗಲ ಮೇಲೆ ಹೊತ್ತು ಬೆಳೆಸಿದ ಹುಡುಗನಿಗೆ ಆ ಮಾತನ್ನು ಹೇಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

"ತಿನ್ನು" ಎಂದಳು. "ಆರಿಹೋಗುತ್ತೆ."